ನೀರಿನ ದಾರಿ ಹಿಡಿದು ಒಂದು ದಿನ: ಬಾಲಿಯ ದೇವಾಲಯಗಳು ಹೇಳುವ ಚರಿತ್ರೆ



ಹಿಂದೆಲ್ಲಾ ರಜೆ ಬಂತೆಂದರೆ ನಮ್ಮ ಮುಂಬಯಿ ಕನ್ನಡಿಗರು ಊರಿನ ಬಸ್ಸಿಗೆ ಟಿಕೆಟ್ ಕಾಯ್ದಿರಿಸುತ್ತಿದ್ದರು. ಈಗ ಮಕ್ಕಳು ಕೆಲಸಕ್ಕೆ ಸೇರಿದ ಮನೆಗಳಲ್ಲಿ ಮಾತೇ ಬೇರೆ. "ಈ ಸಲ ಬಾಲಿಗೆ ಹೋಗೋಣ ಅಂತಿದ್ದಾನೆ ಮಗ" ಎಂದು ಹೇಳುವ ತಂದೆತಾಯಿಗಳು ನನ್ನ ಪರಿಚಯದಲ್ಲೇ ನಾಲ್ಕಾರು ಮಂದಿ. 2024ರ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಿಂದ ನೇರ ವಿಮಾನವೂ ಶುರುವಾಯಿತು. 2023ರಲ್ಲಿ ಆ ದ್ವೀಪಕ್ಕೆ ಬಂದ ವಿದೇಶೀಯರಲ್ಲಿ ಆಸ್ಟ್ರೇಲಿಯನ್ನರ ನಂತರದ ಸ್ಥಾನ ಭಾರತೀಯರದ್ದೇ. ನಾನೂ ಹಾಗೆಯೇ ಮಕ್ಕಳ ಬಲವಂತಕ್ಕೆ ಹೋದವನು. ಸಮುದ್ರ, ಹಸಿರು, ಒಂದಿಷ್ಟು ಫೋಟೋ ಎಂದುಕೊಂಡು ಹೋದವನಿಗೆ ಒಂದೇ ದಿನದ ಸುತ್ತಾಟದಲ್ಲಿ ಸಾವಿರ ವರ್ಷದ ಕಥೆ ಸಿಕ್ಕಿತು. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿ ಈ ಬರಹ.

ಮೊದಲು ದ್ವೀಪದ ಪರಿಚಯ ಮಾಡಿಕೊಳ್ಳೋಣ. ಬಾಲಿ ಇಂಡೋನೇಷ್ಯಾದ ಒಂದು ಪ್ರಾಂತ್ಯ. ಭೂಮಧ್ಯರೇಖೆಯಿಂದ ಸುಮಾರು 8 ಡಿಗ್ರಿ ದಕ್ಷಿಣಕ್ಕಿದೆ. ವಿಸ್ತಾರದಲ್ಲಿ ನಮ್ಮ ಕೊಡಗಿಗಿಂತ ದೊಡ್ಡದು. 2020ರ ಜನಗಣತಿಯಂತೆ ಜನಸಂಖ್ಯೆ 43 ಲಕ್ಷ. ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶದ ಈ ಪುಟ್ಟ ತುಂಡಿನಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನ ಹಿಂದೂಗಳು. ನಡುವೆ ಪೂರ್ವ ಪಶ್ಚಿಮವಾಗಿ ಜ್ವಾಲಾಮುಖಿಗಳ ಸಾಲು. ಅದರಲ್ಲಿ ಅತಿ ಎತ್ತರದ ಗುನುಂಗ್ ಅಗುಂಗ್ 3,000 ಮೀಟರಿಗೂ ಮಿಗಿಲು. ಈ ಬೆಟ್ಟಗಳು ಮಳೆಯನ್ನು ಹಿಡಿದು, ಸರೋವರಗಳಲ್ಲಿ ಕೂಡಿಟ್ಟು, ನೂರಾರು ಕಣಿವೆಗಳಲ್ಲಿ ಕೆಳಕ್ಕೆ ಕಳಿಸುತ್ತವೆ. ಬಾಲಿಯ ಚರಿತ್ರೆಯೆಲ್ಲ ಈ ಇಳಿಜಾರಿನಲ್ಲೇ ನಡೆದದ್ದು.

ನಮ್ಮ ಗೈಡ್ ಮೂವತ್ತೈದರ ಆಸುಪಾಸಿನ ಯುವಕರು. ತಲೆಗೆ ಮಡಿಕೆ ಹಾಕಿದ ರುಮಾಲು, ಸೊಂಟಕ್ಕೆ ಪಂಚೆಯಂಥ ಬಟ್ಟೆ. ಬೆಳಗಿನ ಆರು ಗಂಟೆಗೆ ಉಬುಡ್ ಊರಿನ ನಮ್ಮ ವಸತಿಗೃಹದ ಮುಂದೆ ನಿಂತು "ಓಂ ಸ್ವಸ್ತ್ಯಸ್ತು" ಎಂದು ಕೈಜೋಡಿಸಿದಾಗ ನಮ್ಮ ವ್ಯಾನಿನಲ್ಲಿದ್ದವರೆಲ್ಲ ಖುಷಿಯಾಗಿಬಿಟ್ಟರು. ಆ ದಿನದ ಪಟ್ಟಿಯಲ್ಲಿ ಐದು ಜಾಗಗಳಿದ್ದವು. "ನೀವು ಇವತ್ತು ನೋಡುವುದು ಐದು ಜಾಗ ಅಲ್ಲ, ಒಂದೇ ನೀರು" ಎಂದರು ಅವರು. ಅದರ ಅರ್ಥ ನನಗೆ ತಿಳಿದದ್ದು ಸಂಜೆಗೆ.

ತೊಳೆದ ಕಲ್ಲು

ಮೊದಲ ನಿಲ್ದಾಣ ತಂಪಾಕ್‌ಸಿರಿಂಗ್ ಊರಿನ ತೀರ್ತ ಎಂಪುಲ್. ತೀರ್ತ ಎಂದರೆ ನಮ್ಮ ತೀರ್ಥವೇ. ಒಂದು ಕೊಳದ ತಳದಲ್ಲಿ ಕಪ್ಪು ಮರಳನ್ನು ತಳ್ಳಿಕೊಂಡು ಬುಗ್ಗೆಗಳು ಉಕ್ಕುತ್ತವೆ. ಆ ನೀರು ಗೋಡೆಯ ಆಚೆಗೆ ಸಾಲಾಗಿ ಜೋಡಿಸಿದ ಕಲ್ಲಿನ ದೋಣಿಗಳಿಂದ ಸ್ನಾನದ ಕೊಳಕ್ಕೆ ಬೀಳುತ್ತದೆ. ಜನ ಎಡದಿಂದ ಬಲಕ್ಕೆ ಒಂದೊಂದೇ ಧಾರೆಗೆ ತಲೆಯೊಡ್ಡುತ್ತಾ ಸಾಗುತ್ತಾರೆ. ಸತ್ತವರ ಕರ್ಮಕ್ಕೆ ಮೀಸಲಾದ ಧಾರೆಗಳೂ ಇವೆ. ಬದುಕಿದ್ದವರು ಅವನ್ನು ಬಿಟ್ಟು ಮುಂದೆ ಹೋಗಬೇಕು. ನಮ್ಮ ಜೊತೆಯವರೊಬ್ಬರು ಅವಸರದಲ್ಲಿ ಅದಕ್ಕೂ ತಲೆಕೊಡಲು ಹೋದಾಗ ಗೈಡ್ ಮೆಲ್ಲಗೆ ಭುಜ ಹಿಡಿದು ಹಿಂದಕ್ಕೆ ಸರಿಸಿದರು.

ಈ ಬುಗ್ಗೆಗೆ ಸಂಬಂಧಪಟ್ಟ ಒಂದು ಶಾಸನವಿದೆ. ಹತ್ತಿರದ ಮನುಕಾಯ ಹಳ್ಳಿಯವರ ಬಳಿ ಹಳೆಯ ಕಲ್ಲೊಂದಿತ್ತು. ಅದರಲ್ಲಿ ಏನು ಬರೆದಿದೆ ಎಂದು ಊರಿನಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಆದರೂ ಪ್ರತಿವರ್ಷ ಅವರ ಪಂಚಾಂಗದ ನಾಲ್ಕನೆಯ ತಿಂಗಳ ಹುಣ್ಣಿಮೆಯಂದು ಆ ಕಲ್ಲನ್ನು ಹೊತ್ತು ತಂದು ತೀರ್ತ ಎಂಪುಲ್ ನೀರಿನಲ್ಲಿ ತೊಳೆದು ಒಯ್ಯುವುದು ಹಿರಿಯರಿಂದ ಬಂದ ಪದ್ಧತಿ. 20ನೇ ಶತಮಾನದ ಮೊದಲ ಭಾಗದಲ್ಲಿ ಡಚ್ ವಿದ್ವಾಂಸ ಸ್ಟುಟರ್‌ಹೈಮ್ ಅದನ್ನು ಓದಿದರು. ವರ್ಮದೇವ ವಂಶದ ಅರಸನೊಬ್ಬ ಈ ಬುಗ್ಗೆಯನ್ನು ಕಟ್ಟಿಸಿದ ಸಂಗತಿ ಅದರಲ್ಲಿತ್ತು. ಕಟ್ಟಿಸಿದ ದಿನ ಯಾವುದು? ನಾಲ್ಕನೆಯ ತಿಂಗಳ ಹುಣ್ಣಿಮೆ! ವರ್ಷವನ್ನು ಸಾಮಾನ್ಯವಾಗಿ ಕ್ರಿ.ಶ. 962 ಎನ್ನುತ್ತಾರೆ, ಅದೇ ಅಂಕಿಯನ್ನು 960 ಎಂದು ಓದಿದವರೂ ಇದ್ದಾರೆ. ಶ್ರವಣಬೆಳಗೊಳದ ಗೊಮ್ಮಟ ಎದ್ದು ನಿಲ್ಲಲು ಆಗ ಇನ್ನೂ ಸುಮಾರು ಇಪ್ಪತ್ತು ವರ್ಷ ಬಾಕಿ ಇತ್ತು. ಅಕ್ಷರ ಮರೆತರೂ ತಿಥಿ ಮರೆಯದ ಜನ ಇವರು.

ಇಲ್ಲಿ ಇನ್ನೊಂದು ಮಾತು. ಬಾಲಿಯವರ ವರ್ಷದ ಲೆಕ್ಕ ಶಕ ವರ್ಷ. ನಮ್ಮ ಪಂಚಾಂಗದ ಮೊದಲ ಪುಟದಲ್ಲಿ ಬರೆಯುವ ಶಾಲಿವಾಹನ ಶಕವೇ ಅದು. ಅವರ ಹೊಸ ವರ್ಷ ಬರುವುದೂ ನಮ್ಮ ಯುಗಾದಿಯ ಆಜುಬಾಜಿನಲ್ಲೇ. ಆದರೆ ನಾವು ಒಬ್ಬಟ್ಟು ಮಾಡಿ ನೆಂಟರನ್ನು ಕರೆದರೆ ಅವರು ಆ ದಿನ ಬೆಂಕಿ ಹಚ್ಚುವುದಿಲ್ಲ, ದೀಪ ಹಚ್ಚುವುದಿಲ್ಲ, ಮನೆ ಬಿಟ್ಟು ಹೊರಡುವುದಿಲ್ಲ. ನ್ಯೆಪಿ ಎಂಬ ಆ ಮೌನದ ದಿನ ವಿಮಾನ ನಿಲ್ದಾಣವನ್ನೂ 24 ಗಂಟೆ ಮುಚ್ಚುತ್ತಾರೆ. ಬಾಲಿಯ ಹಳೆಯ ಲಿಪಿಯೂ ನಮಗೆ ದೂರದ ನೆಂಟ. ಅಲ್ಲಿನ ಕಾವಿ ಲಿಪಿ ತಮಿಳುನಾಡಿನ ಪಲ್ಲವರ ಬರವಣಿಗೆಯಿಂದ ಬಂದದ್ದು. ನಮ್ಮ ಕನ್ನಡ ಲಿಪಿ ಬಂದದ್ದು ಕದಂಬರ ಕಾಲದ ಬರವಣಿಗೆಯಿಂದ. ಎರಡರ ಮೂಲವೂ ದಕ್ಷಿಣದ ಬ್ರಾಹ್ಮಿ. ದ್ವೀಪದ ದಕ್ಷಿಣ ತೀರದ ಸನೂರ್‌ನಲ್ಲಿ ಕ್ರಿ.ಶ. 914ರ ಸುಮಾರಿನ ಒಂದು ಶಾಸನ ಕಂಬವಿದೆ. ಅದರಲ್ಲಿ ಹಳೆಯ ಬಾಲಿ ಭಾಷೆ, ಸಂಸ್ಕೃತ ಎರಡೂ ಇವೆ. ಲಿಪಿಯೂ ಎರಡು ಬಗೆ.

ಹಾಗಾದರೆ ಭಾರತದಿಂದ ಯಾರೋ ಹೋಗಿ ದ್ವೀಪವನ್ನು ಗೆದ್ದರೇ? ಇಲ್ಲ. ಅಂಥ ಯಾವ ದಂಡಯಾತ್ರೆಯೂ ನಡೆದಿಲ್ಲ. ಉತ್ತರ ತೀರದ ಸೆಂಬಿರಾನ್‌ನಲ್ಲಿ ಅಗೆದಾಗ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಸಿಕ್ಕಂಥ ಮಡಕೆ ಚೂರುಗಳೇ ಸಿಕ್ಕಿವೆ. ಸುಮಾರು ಎರಡು ಸಾವಿರ ವರ್ಷ ಹಳೆಯವು. ಅಂದರೆ ಮೊದಲು ಬಂದವರು ವ್ಯಾಪಾರಿಗಳು. ಅವರ ಹಿಂದೆ ಮಾತು, ಮಂತ್ರ, ಕಥೆಗಳು ನಿಧಾನವಾಗಿ ಬಂದವು. ಹೆಚ್ಚಿನವು ಜಾವಾದ ಮೂಲಕ ಬಂದವು. ಬಾಲಿಯವರು ಬೇಕಾದದ್ದನ್ನು ತೆಗೆದುಕೊಂಡು ತಮ್ಮ ಹಿರಿಯರ ಪೂಜೆ, ಬೆಟ್ಟದ ಪೂಜೆ, ನೀರಿನ ಪೂಜೆಗಳ ಜೊತೆ ಹೊಂದಿಸಿಕೊಂಡರು.

ಬಂಡೆಯೊಳಗಿನ ಅರಸರು

ತೀರ್ತ ಎಂಪುಲ್‌ನ ನೀರು ಪಕೆರಿಸಾನ್ ನದಿಯನ್ನು ಸೇರುತ್ತದೆ. ಅದೇ ನದಿಯ ಜೊತೆಗೆ ಸ್ವಲ್ಪ ಕೆಳಕ್ಕೆ ಹೋದರೆ ಗುನುಂಗ್ ಕಾವಿ. ಸುಮಾರು 300 ಮೆಟ್ಟಿಲು ಇಳಿಯಬೇಕು. ಮಂಡಿನೋವಿನವರು ಯೋಚಿಸಿ ಇಳಿಯಿರಿ. ಇಳಿದದ್ದನ್ನೆಲ್ಲ ಮತ್ತೆ ಹತ್ತಲೇಬೇಕು. ಕೆಳಗೆ ನದಿಯ ಎರಡೂ ದಂಡೆಯ ಬಂಡೆಯಲ್ಲಿ ದೇವಾಲಯದ ಆಕಾರಗಳನ್ನು ಕಡೆದಿದ್ದಾರೆ. ಒಂದೊಂದೂ ಸುಮಾರು ಏಳು ಮೀಟರ್ ಎತ್ತರ, ಒಟ್ಟು ಹತ್ತು. ಒಳಗೆ ಗರ್ಭಗುಡಿಯಿಲ್ಲ, ಎದುರು ಮೈ ಮಾತ್ರ. 11ನೇ ಶತಮಾನದಲ್ಲಿ ಆಳಿದ ಅರಸ ಉದಯನನ ಮನೆತನದ ನೆನಪಿಗೆ ಮಾಡಿದ್ದೆಂದು ವಿದ್ವಾಂಸರ ಅಭಿಪ್ರಾಯ.

ಉದಯನನ ರಾಣಿ ಮಹೇಂದ್ರದತ್ತೆ ಜಾವಾದವಳು. ಅವರ ಮಗ ಐರ್ಲಂಗ ತಾಯಿಯ ನಾಡಿಗೆ ಹೋಗಿ 1019ರಲ್ಲಿ ಅಲ್ಲಿ ಅರಸನಾದ. ಕಿರಿಯ ಮಗ ಅನಕ್ ವುಂಗ್ಸು ಬಾಲಿಯನ್ನು ಆಳಿದ. ಇವರ ಕಾಲದಿಂದ ಎರಡು ದ್ವೀಪಗಳ ನಂಟು ಬಿಗಿಯಾಯಿತು. ಅರಮನೆಯ ಶಾಸನಗಳ ಭಾಷೆ ಕೂಡ ಹಳೆಯ ಬಾಲಿಯಿಂದ ಹಳೆಯ ಜಾವಾ ಭಾಷೆಗೆ ತಿರುಗಿತು. ನನಗೆ ಅರಸರಿಗಿಂತ ಹೆಚ್ಚು ಹಿಡಿಸಿದ ಸಂಗತಿ ಬೇರೆಯದು. ಅದೇ 11ನೇ ಶತಮಾನದ ಶಾಸನಗಳಲ್ಲಿ "ಕಸುವಕನ್" ಎಂಬ ಪದ ಬರುತ್ತದೆ. ಇಂದು ಬಾಲಿಯ ರೈತರು "ಸುಬಕ್" ಎಂದು ಕರೆಯುವ ನೀರಾವರಿ ಕೂಟದ ಹಳೆಯ ಹೆಸರು ಅದು. ಅರಸರ ಮನೆತನ ಬಂಡೆಯೊಳಗೆ ಉಳಿಯಿತು. ರೈತರ ಕೂಟ ಇಂದಿಗೂ ಸಭೆ ಸೇರುತ್ತಿದೆ.

ಸರೋವರದ ತಾಯಿ

ಅಲ್ಲಿಂದ ವ್ಯಾನ್ ಮೇಲಕ್ಕೆ ಹತ್ತಿ ಕಿಂತಾಮಣಿ ತಲುಪಿತು. ಹೆಸರು ಕೇಳಿದ ಕೂಡಲೇ ನಮ್ಮ ಚಿಂತಾಮಣಿ ಊರು ನೆನಪಾಗಿ ಎಲ್ಲರೂ ನಕ್ಕೆವು. ಇದು ದೊಡ್ಡ ಜ್ವಾಲಾಮುಖಿಯ ಕುಳಿಯ ಅಂಚು. ಕೆಳಗೆ ಬಾತೂರ್ ಬೆಟ್ಟ, ಮಗ್ಗುಲಲ್ಲಿ ಬಾತೂರ್ ಸರೋವರ. ಬಾಲಿಯ ಅತಿ ದೊಡ್ಡ ಸರೋವರ ಇದೇ. ಬೆಟ್ಟದ ಮೈಮೇಲೆ ಕಪ್ಪು ಲಾವಾ ಹರಿದು ಗಟ್ಟಿಯಾದ ಗುರುತು ಇನ್ನೂ ಇದೆ.

ಈ ಸರೋವರದಿಂದ ಹೊರಡುವ ಒಂದೇ ಒಂದು ನದಿಯಿಲ್ಲ. ನೀರು ನೆಲದೊಳಗೆ ಇಂಗಿ, ಕೆಳಗಿನ ಇಳಿಜಾರುಗಳಲ್ಲಿ ಬುಗ್ಗೆಗಳಾಗಿ ಏಳುತ್ತದೆ. ಬೆಳಿಗ್ಗೆ ನಾವು ತಲೆಯೊಡ್ಡಿದ ಧಾರೆಗೂ ತಾಯಿ ಇದೇ ಎಂದು ಬಾಲಿಯವರ ನಂಬಿಕೆ. ಸರೋವರದ ದೇವಿಯ ಹೆಸರು ದೇವಿ ದನು. ಅವಳ ಗುಡಿ ಮೊದಲು ಕುಳಿಯ ಒಳಗೆ, ಬೆಟ್ಟದ ಬುಡದಲ್ಲಿತ್ತು. 1917ರಲ್ಲಿ ಲಾವಾ ಗುಡಿಯ ಬಾಗಿಲವರೆಗೂ ಬಂದು ನಿಂತಿತಂತೆ. ಜನ ಅದನ್ನು ದೇವಿಯ ಕೃಪೆ ಎಂದುಕೊಂಡು ಅಲ್ಲೇ ಉಳಿದರು. 1926ರಲ್ಲಿ ಮತ್ತೆ ಬಂದ ಲಾವಾ ನಿಲ್ಲಲಿಲ್ಲ; ಊರನ್ನೂ ಗುಡಿಯನ್ನೂ ಮುಚ್ಚಿಹಾಕಿತು. ಆಮೇಲೆ ಊರಿನವರು ಕುಳಿಯ ಅಂಚಿಗೆ ಹತ್ತಿ ಬಂದು ಹೊಸದಾಗಿ ಗುಡಿ ಕಟ್ಟಿದರು. ನಾವು ಇಂದು ನೋಡುವ ಪುರ ಉಲುನ್ ದನು ಬಾತೂರ್ ಅದೇ. ಪುರ ಎಂದರೆ ಅಲ್ಲಿ ಊರಲ್ಲ, ದೇವಾಲಯ.

ಪೂರ್ವಕ್ಕೆ ಮೋಡದ ಮೇಲೆ ಅಗುಂಗ್ ಶಿಖರ ಕಾಣುತ್ತದೆ. ಅದರ ಮೈಯಲ್ಲಿ ಬೆಸಾಕಿಹ್ ಎಂಬ ತಾಯಿ ದೇವಾಲಯವಿದೆ. 1963ರಲ್ಲಿ ಅಲ್ಲಿ ನೂರು ವರ್ಷಕ್ಕೊಮ್ಮೆ ಮಾಡುವ ಏಕಾದಶರುದ್ರ ಮಹಾಪೂಜೆ ನಡೆಯುತ್ತಿದ್ದಾಗಲೇ ಅಗುಂಗ್ ಸಿಡಿಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ದೇವಾಲಯ ಮಾತ್ರ ಉಳಿಯಿತು. ಪೂಜೆಯ ಸಮಯ ತಪ್ಪಾಗಿತ್ತು ಎಂದರು ಹಿರಿಯರು. 1979ರಲ್ಲಿ ಮತ್ತೆ ಆ ಪೂಜೆ ಮಾಡಿದರು.

ಇಲ್ಲಿ ಒಂದು ಚಿಕ್ಕ ಪ್ರಸಂಗ ಹೇಳಬೇಕು. ದೇವಾಲಯದ ಒಳ ಅಂಗಳಕ್ಕೆ ಪ್ರವಾಸಿಗರನ್ನು ಬಿಡಲಿಲ್ಲ. ನಮ್ಮ ಗುಂಪಿನ ಹಿರಿಯರೊಬ್ಬರಿಗೆ ಸಿಟ್ಟು ಬಂತು. "ನಾವೂ ಹಿಂದೂಗಳೇ ಅಲ್ಲವೇನಪ್ಪಾ, ನಮ್ಮ ದೇವರನ್ನು ನೋಡಲು ನಮಗೇ ತಡೆಯೇ?" ಎಂದರು. ಗೈಡ್ ನಗುತ್ತಲೇ ಉತ್ತರ ಕೊಟ್ಟರು: "ನೋಡಲು ಒಳಗೆ ಏನೂ ಇಲ್ಲ, ಸಾರ್. ಪೂಜೆ ಮಾಡಲು ಬಂದಿದ್ದರೆ ಹೇಳಿ, ಬಟ್ಟೆ ತೊಟ್ಟು ಹೂವು ತನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ. ಫೋಟೋಕ್ಕಾದರೆ ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ."

ಅವರು ಹೇಳಿದ್ದು ನಿಜ. ಬಾಲಿಯ ಗುಡಿಯಲ್ಲಿ ನಾವು ಹುಡುಕುವಂಥ ಮೂಲವಿಗ್ರಹ ಇರುವುದಿಲ್ಲ. ಬಯಲು ಅಂಗಳ, ಮೂರರಿಂದ ಹನ್ನೊಂದರವರೆಗೆ ಬೆಸಸಂಖ್ಯೆಯ ಕಪ್ಪು ಚಾವಣಿಗಳನ್ನು ಹೊತ್ತ ಮೇರು ಗೋಪುರಗಳು, ಮತ್ತು ಖಾಲಿ ಕಲ್ಲಿನ ಪೀಠ. ಅದಕ್ಕೆ ಪದ್ಮಾಸನ ಎಂದು ಹೆಸರು. ಹಬ್ಬದ ದಿನ ದೇವರು ಇಳಿದು ಬಂದು ಕೂರುತ್ತಾರೆ, ಹಬ್ಬ ಮುಗಿದ ಮೇಲೆ ಹೊರಡುತ್ತಾರೆ. ಹೆಚ್ಚಿನ ಗುಡಿಗಳಲ್ಲಿ ಆ ಹಬ್ಬ 210 ದಿನಕ್ಕೊಮ್ಮೆ. ಪೂಜಾರಿ ಕೊಡುವ ತೀರ್ಥವಿಲ್ಲದೆ ಯಾವ ಕರ್ಮವೂ ಪೂರ್ತಿಯಾಗದು. ಹಿಂದೆ ತಮ್ಮ ಮತವನ್ನು ಅವರು "ಆಗಮ ತೀರ್ಥ" ಎಂದು ಕರೆದುಕೊಂಡದ್ದೂ ಇದೆ, ಅಂದರೆ ತೀರ್ಥದ ಧರ್ಮ. ಸ್ವಾತಂತ್ರ್ಯದ ನಂತರ ಇಂಡೋನೇಷ್ಯಾ ಸರ್ಕಾರ ಏಕದೇವವಾದದ ಮತಗಳನ್ನಷ್ಟೇ ಧರ್ಮವೆಂದು ಒಪ್ಪುವುದಾಗಿ ಹೇಳಿತು. ಆಗ ಬಾಲಿಯವರು ವರ್ಷಗಟ್ಟಲೆ ವಾದ ಮಾಡಬೇಕಾಯಿತು. ಎಲ್ಲ ದೇವತೆಗಳೂ ಸಂಗ್ ಹ್ಯಾಂಗ್ ವಿಧಿ ಎಂಬ ಒಬ್ಬನೇ ಪರಮಾತ್ಮನ ರೂಪಗಳು ಎಂದು ನಿರೂಪಿಸಿ, 1950ರ ದಶಕದ ಕೊನೆಯಲ್ಲಿ ಮಾನ್ಯತೆ ಪಡೆದರು. ಆದ್ದರಿಂದ "ನಮ್ಮದೇ ಧರ್ಮ" ಎಂದು ನಾವು ಹೆಗಲಮೇಲೆ ಕೈಹಾಕುವಾಗ ಸ್ವಲ್ಪ ಯೋಚಿಸಬೇಕು. ಅದು ಅವರದ್ದು. ಅದನ್ನು ಉಳಿಸಿಕೊಳ್ಳಲು ಕಷ್ಟಪಟ್ಟವರು ಅವರು.

ಗದ್ದೆಗಳ ಲೆಕ್ಕ

ಮಧ್ಯಾಹ್ನದ ಊಟ ಮುಗಿಸಿ ಪಶ್ಚಿಮಕ್ಕೆ ತಿರುಗಿ ಜತಿಲುವಿಹ್ ತಲುಪಿದೆವು. ಬತುಕರು ಬೆಟ್ಟದ ಮಗ್ಗುಲಲ್ಲಿ ಕಣ್ಣು ಹಾಯುವವರೆಗೂ ಮೆಟ್ಟಿಲು ಗದ್ದೆ. ಬಾಲಿ ಎಂದರೆ ಕ್ಯಾಲೆಂಡರಿನಲ್ಲಿ ಬರುವ ಚಿತ್ರವೇ ಇದು. 2012ರಲ್ಲಿ ಯುನೆಸ್ಕೊ ಬಾಲಿಯ ಸುಬಕ್ ವ್ಯವಸ್ಥೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಮಾರು 19,500 ಹೆಕ್ಟೇರ್ ಪ್ರದೇಶ. ಬಾತೂರ್ ಗುಡಿ, ಸರೋವರ, ಪಕೆರಿಸಾನ್ ಕಣಿವೆ, ಈ ಗದ್ದೆಗಳು, 1634ರಲ್ಲಿ ಮೆಂಗ್ವಿ ಅರಸರು ಕಟ್ಟಿಸಿದ ತಮನ್ ಆಯುನ್ ದೇವಾಲಯ, ಎಲ್ಲವೂ ಅದರಲ್ಲಿವೆ.

ಸುಬಕ್ ಕೆಲಸ ಮಾಡುವ ರೀತಿ ಹೀಗಿದೆ. ಒಂದೇ ಕಾಲುವೆಯ ನೀರು ಕುಡಿಯುವ ಗದ್ದೆಗಳ ಯಜಮಾನರೆಲ್ಲ ಸೇರಿ ಒಂದು ಸುಬಕ್. ಅದಕ್ಕೊಬ್ಬ ಆಯ್ಕೆಯಾದ ಮುಖ್ಯಸ್ಥ. ಅವರಿಗೆ ಪೆಕಸೆಹ್ ಎಂದು ಹೆಸರು. ಕಾಲುವೆ ಕವಲೊಡೆಯುವಲ್ಲಿ ಅಡ್ಡಲಾಗಿ ಮರದ ದಿಮ್ಮಿ. ಅದರಲ್ಲಿ ಕಡಿದ ಕಚ್ಚಿನ ಅಗಲದಷ್ಟೇ ನೀರು ಆ ಕಡೆಗೆ ಹೋಗುತ್ತದೆ. ನನ್ನ ತಾತನ ಊರಿನಲ್ಲಿ ಕೆರೆಯ ತೂಬು ತೆಗೆದು ಗದ್ದೆಗದ್ದೆಗೆ ನೀರು ಬಿಡುವ ನೀರುಗಂಟಿ ಇದ್ದ. ಅವನ ಮಾತನ್ನು ಗೌಡರೂ ಮೀರುತ್ತಿರಲಿಲ್ಲ. ಅದೆಲ್ಲ ನೆನಪಾಗಿ ಆ ದಿಮ್ಮಿಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೇಲಿನ ಗದ್ದೆಯವನಿಗೆ ನೀರು ಮೊದಲು ಸಿಗುತ್ತದೆ. ಅವನು ಕೆಳಗಿನವನಿಗೆ ಯಾಕೆ ಬಿಡಬೇಕು? ಮುಂಬಯಿಯಲ್ಲಿ ಟ್ಯಾಂಕರ್ ಕಾಯುವ ಸೊಸೈಟಿಯವರಿಗೂ ಚೆನ್ನೈಯಲ್ಲಿ ಕುಳಿತು ಕಾವೇರಿ ಸುದ್ದಿ ಓದುವ ನಮ್ಮ ಬಂಧುಗಳಿಗೂ ಈ ಪ್ರಶ್ನೆಯ ಭಾರ ಗೊತ್ತು. ಬಾಲಿಯ ಉತ್ತರ ಹುಳದಲ್ಲಿದೆ! ಒಂದು ಕಣಿವೆಯ ಗದ್ದೆಗಳೆಲ್ಲ ಒಟ್ಟಿಗೆ ನಾಟಿಯಾಗಿ, ಒಟ್ಟಿಗೆ ಕುಯ್ಲಾಗಿ, ಒಟ್ಟಿಗೆ ಬೀಳುಬಿದ್ದರೆ ಪೈರಿನ ಹುಳಕ್ಕೂ ಇಲಿಗೂ ಆಶ್ರಯ ಸಿಗುವುದಿಲ್ಲ, ಅವು ಸಾಯುತ್ತವೆ. ಕೆಳಗಿನವನಿಗೆ ನೀರು ಸಿಗದೆ ಅವನು ತಡವಾಗಿ ನಾಟಿ ಮಾಡಿದರೆ, ಅವನ ಗದ್ದೆಯಲ್ಲಿ ಬೆಳೆದ ಹುಳ ಮೇಲಿನವನ ಪೈರಿಗೇ ಬರುತ್ತದೆ. ಅಂದರೆ ಕೆಳಗಿನವನಿಗೆ ನೀರು ಬೇಕು, ಮೇಲಿನವನಿಗೆ ಕೆಳಗಿನವನ ಸಹಕಾರ ಬೇಕು. ಎಲ್ಲರೂ ಒಂದೇ ದಿನ ನೀರು ಹಾಯಿಸಿದರೆ ನೀರು ಸಾಲದು. ಒಬ್ಬೊಬ್ಬರು ಒಂದೊಂದು ದಿನ ಹಾಯಿಸಿದರೆ ಹುಳ ಹೆಚ್ಚುತ್ತದೆ. ಈ ಎರಡರ ನಡುವಿನ ಲೆಕ್ಕವನ್ನು ಕೂತು ತೀರ್ಮಾನಿಸುವ ಜಾಗ ನೀರಿನ ದೇವಾಲಯ. ಸಣ್ಣ ಕಾಲುವೆಗೆ ಸಣ್ಣ ಗುಡಿ, ಅಣೆಕಟ್ಟೆಗೆ ದೊಡ್ಡ ಗುಡಿ, ಎಲ್ಲಕ್ಕೂ ಮೇಲೆ ಬಾತೂರ್‌ನ ದೇವಿ.

1970ರ ದಶಕದಲ್ಲಿ ಹಸಿರು ಕ್ರಾಂತಿ ಬಂತು. ಹೊಸ ಭತ್ತದ ತಳಿ, ಗೊಬ್ಬರ, ಔಷಧಿ. ದೇವಾಲಯದ ಪಂಚಾಂಗ ಬಿಟ್ಟು ವರ್ಷಕ್ಕೆ ಎಷ್ಟು ಬೆಳೆ ಸಾಧ್ಯವೋ ಅಷ್ಟು ಬೆಳೆಯಿರಿ ಎಂದು ಅಧಿಕಾರಿಗಳು ಹೇಳಿದರು. ಮೊದಲು ಇಳುವರಿ ಹೆಚ್ಚಿತು. ಆಮೇಲೆ ಕಂದು ಜಿಗಿಹುಳು ಬಂತು. ಅದನ್ನು ತಡೆಯುವ ತಳಿ ತಂದರೆ ಬೇರೆ ರೋಗ ಬಂತು. ನೀರಿನ ಸರದಿ ಕೆಟ್ಟು ಜಗಳ ಹೆಚ್ಚಿತು. ಸ್ಟೀಫನ್ ಲ್ಯಾನ್ಸಿಂಗ್ ಎಂಬ ಅಮೆರಿಕನ್ ಮಾನವಶಾಸ್ತ್ರಜ್ಞರು ಆ ಹೊತ್ತಿಗೆ ಇಲ್ಲಿ ಅಧ್ಯಯನ ಮಾಡುತ್ತಿದ್ದರು. ಜೇಮ್ಸ್ ಕ್ರೆಮರ್ ಎಂಬ ಪರಿಸರ ವಿಜ್ಞಾನಿಯ ಜೊತೆ ಕೂಡಿ ಅವರು ಕಣಿವೆಯ ನೀರು, ಬೆಳೆ, ಹುಳ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ದೇವಾಲಯಗಳ ಹಳೆಯ ಸರದಿಗೆ ಹತ್ತಿರವಾದ ಕ್ರಮದಲ್ಲೇ ಇಳುವರಿ ಅತಿ ಹೆಚ್ಚು ಎಂದು ಆ ಲೆಕ್ಕ ಹೇಳಿತು. 1991ರಲ್ಲಿ ಇದು ಪುಸ್ತಕವಾಗಿಯೂ ಬಂತು. ಅಷ್ಟರಲ್ಲಿ ಎಷ್ಟೋ ರೈತರು ತಾವಾಗಿಯೇ ಹಳೆಯ ಸರದಿಗೆ ಮರಳಿದ್ದರು.

ಗೈಡ್ ಪುಸ್ತಕಗಳಲ್ಲಿ "ತ್ರಿ ಹಿತ ಕರಣ" ಎಂಬ ಮಾತು ಕಾಣುತ್ತದೆ: ದೇವರು, ಮನುಷ್ಯ, ಪ್ರಕೃತಿ ಮೂವರ ಹೊಂದಾಣಿಕೆ. ಮಾತು ಸಂಸ್ಕೃತದ್ದಾದರೂ ಆ ಹೆಸರು ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಹೆಸರು ಹೊಸದು, ಕೆಲಸ ಹಳೆಯದು.

ಸಮುದ್ರದಂಚಿನ ಸಂಜೆ

ಕೊನೆಯ ನಿಲ್ದಾಣ ತಬಾನನ್ ಜಿಲ್ಲೆಯ ತಾನಹ್ ಲೋತ್. ಸಮುದ್ರದೊಳಗಿನ ಬಂಡೆಯ ಮೇಲೆ ಪುಟ್ಟ ಗುಡಿ, ಹಿಂದೆ ಮುಳುಗುವ ಸೂರ್ಯ. ಸಾವಿರಾರು ಮೊಬೈಲ್ ಫೋನುಗಳು ಒಟ್ಟಿಗೆ ಮೇಲೇಳುತ್ತವೆ. 16ನೇ ಶತಮಾನದಲ್ಲಿ ಜಾವಾದಿಂದ ಬಂದ ನಿರರ್ಥ ಎಂಬ ಶೈವ ಗುರುಗಳು ಇದನ್ನು ಸ್ಥಾಪಿಸಿದರೆಂದು ಐತಿಹ್ಯ. 1343ರಲ್ಲಿ ಜಾವಾದ ಮಜಪಾಹಿತ್ ರಾಜ್ಯ ಬಾಲಿಯನ್ನು ಗೆದ್ದಿತ್ತು. ಮುಂದೆ ಜಾವಾದಲ್ಲಿ ಆ ರಾಜ್ಯ ಕುಸಿದು ಇಸ್ಲಾಂ ಹರಡಿದಾಗ ಅಲ್ಲಿನ ಪುರೋಹಿತರು, ಕವಿಗಳು, ಕುಲೀನರು ಹಲವರು ಇಲ್ಲಿಗೆ ಬಂದರು ಎಂಬುದು ಬಾಲಿಯವರ ನೆನಪು. ಹಳೆಯ ಜಾವಾ ಭಾಷೆಯ ರಾಮಾಯಣ, ಭಾರತಗಳ ತಾಳೆಗರಿಗಳು ಬಹುಪಾಲು ಉಳಿದು ಬಂದದ್ದು ಬಾಲಿಯವರು ಪ್ರತಿ ಮಾಡಿಟ್ಟಿದ್ದರಿಂದಲೇ.

ಆ ಬಂಡೆಯನ್ನೂ ಸಮುದ್ರ ತಿನ್ನುತ್ತಾ ಬಂತು. 1980ರ ದಶಕದಲ್ಲಿ ಕುಸಿಯುವ ಹಂತ ಮುಟ್ಟಿದಾಗ ಜಪಾನ್ ಸಾಲದ ನೆರವಿನಿಂದ ದುರಸ್ತಿ ಆರಂಭವಾಯಿತು. ಈಗ ನಮಗೆ ಕಾಣುವ ಬಂಡೆಯಲ್ಲಿ ಒಂದು ಪಾಲು ಮನುಷ್ಯ ಮಾಡಿದ್ದು. ಸಂಜೆಯ ಹೊತ್ತು ತೋರಿಸುವ ಕೆಚಕ್ ನೃತ್ಯವೂ ಹಾಗೆಯೇ. "ಚಕ್ ಚಕ್" ಎಂದು ಕೂಗುವ ಗಂಡಸರ ವೃತ್ತ, ನಡುವೆ ರಾಮಾಯಣದ ಕಥೆ. ಪುರಾತನವೆಂದು ನಾವು ಭಾವಿಸುತ್ತೇವೆ. ಹಳೆಯ ಆವೇಶದ ಕುಣಿತವೊಂದರಿಂದ ಅದನ್ನು ಪ್ರದರ್ಶನವಾಗಿ ರೂಪಿಸಿದ್ದು 1930ರ ದಶಕದಲ್ಲಿ. ಬಾಲಿಯ ಕಲಾವಿದರ ಜೊತೆ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಅದರಲ್ಲಿ ಕೈಹಾಕಿದ್ದರು.

ಕತ್ತಲಾದ ಮೇಲೆ ವ್ಯಾನಿನಲ್ಲಿ ಗೈಡ್ ಇನ್ನೊಂದು ಕಥೆ ಹೇಳಿದರು. 1904ರಲ್ಲಿ ಸನೂರ್ ತೀರದಲ್ಲಿ ಒಂದು ಸಣ್ಣ ವ್ಯಾಪಾರಿ ಹಡಗು ಒಡೆಯಿತು. ಜನ ಸರಕು ದೋಚಿದರೆಂದು ಡಚ್ಚರು ಬಾದುಂಗ್ ಅರಸನಿಂದ ಪರಿಹಾರ ಕೇಳಿದರು. ಅರಸ ಒಪ್ಪಲಿಲ್ಲ. ಅದನ್ನೇ ನೆಪ ಮಾಡಿಕೊಂಡು 1906ರ ಸೆಪ್ಟೆಂಬರ್ 20ರಂದು ಡಚ್ ಸೇನೆ ಡೆನ್‌ಪಸಾರ್‌ಗೆ ನುಗ್ಗಿತು. ಅರಮನೆಯಿಂದ ಮೆರವಣಿಗೆಯೊಂದು ಹೊರಬಂತು. ಅರಸ, ಪುರೋಹಿತರು, ಹೆಂಗಸರು, ಮಕ್ಕಳು. ಎಲ್ಲರೂ ಬಿಳಿ ಬಟ್ಟೆ, ಒಡವೆ, ಕೈಯಲ್ಲಿ ಕಠಾರಿ. ಬಂದೂಕಿನ ಎದುರಿಗೆ ಅವರು ನಡೆದರು. ಗುಂಡಿಗೆ ಬೀಳದವರು ತಮ್ಮ ಕಠಾರಿಗೇ ಬಿದ್ದರು. ಇದಕ್ಕೆ ಪುಪುತಾನ್ ಎನ್ನುತ್ತಾರೆ, ಮುಗಿಸುವುದು ಎಂದರ್ಥ. ಸತ್ತವರು ನೂರಾರು, ಸಾವಿರಕ್ಕೂ ಹೆಚ್ಚು ಎನ್ನುವವರೂ ಇದ್ದಾರೆ. ಅದೇ ತಬಾನನ್‌ನ ಅರಸ ಶರಣಾಗಿ, ಸೆರೆಯಲ್ಲಿ ಮಗನೊಡನೆ ಪ್ರಾಣ ಬಿಟ್ಟ. 1908ರ ಏಪ್ರಿಲ್ 28ರಂದು ಕ್ಲುಂಗ್‌ಕುಂಗ್‌ನಲ್ಲೂ ಅದೇ ನಡೆಯಿತು. ಇಡೀ ದ್ವೀಪ ಡಚ್ಚರದಾಯಿತು.

ಯುರೋಪಿನಲ್ಲೂ ಈ ರಕ್ತಪಾತಕ್ಕೆ ಛೀಮಾರಿ ಬಿತ್ತು. ಆಮೇಲೆ ಡಚ್ಚರು ಬಾಲಿಯನ್ನು "ಕಾಪಾಡುವ" ಮಾತಾಡಿದರು, ಪ್ರವಾಸಿಗರಿಗೆ ತೋರಿಸತೊಡಗಿದರು. 1928ರಲ್ಲಿ ಡೆನ್‌ಪಸಾರ್‌ನಲ್ಲಿ ಬಾಲಿ ಹೋಟೆಲ್ ತೆರೆಯಿತು. ರವೀಂದ್ರನಾಥ ಠಾಕೂರರು ಬಂದುಹೋದದ್ದು ಅದರ ಹಿಂದಿನ ವರ್ಷ, 1927ರಲ್ಲಿ. ನಾವು ಕೊಳ್ಳುವ "ಸ್ವರ್ಗದ ದ್ವೀಪ" ಎಂಬ ಪೋಸ್ಟರಿನ ಹಿಂದೆ ಆ ಬಿಳಿ ಬಟ್ಟೆಯ ಮೆರವಣಿಗೆ ಇದೆ. ಸ್ವಾತಂತ್ರ್ಯ ಬಂದ ಮೇಲೂ ಸಂಕಟ ತಪ್ಪಲಿಲ್ಲ. 1965-66ರ ರಾಜಕೀಯ ಹತ್ಯೆಗಳಲ್ಲಿ ಈ ದ್ವೀಪದಲ್ಲೇ ಸುಮಾರು 80,000 ಜನ ಸತ್ತರೆಂದು ಚರಿತ್ರೆಕಾರರ ಅಂದಾಜು. "ನಮ್ಮ ಅಜ್ಜ ಅದನ್ನು ಕಂಡವರು, ಆದರೆ ಮಾತಾಡುತ್ತಿರಲಿಲ್ಲ" ಎಂದಷ್ಟೇ ಹೇಳಿ ಗೈಡ್ ಸುಮ್ಮನಾದರು.

ಸ್ವಲ್ಪ ಹೊತ್ತಿನ ಮೇಲೆ ರಸ್ತೆಯ ಪಕ್ಕ ದೀಪ ಹಾಕಿದ ವಿಲ್ಲಾಗಳ ಸಾಲು ಬಂತು. ಅದರಲ್ಲಿ ಒಂದನ್ನು ತೋರಿಸಿ ಅವರು, "ಅದು ನಮ್ಮ ಗದ್ದೆ" ಎಂದರು. ಅವರ ಅಣ್ಣ ಅದನ್ನು ಇಪ್ಪತ್ತೈದು ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದಾರೆ. ಆ ಹಣದಲ್ಲಿ ತಂಗಿಯ ಓದು ಮುಗಿಯಿತು, ಇವರಿಗೆ ಈ ವ್ಯಾನ್ ಬಂತು. ಆದರೆ ವಿಲ್ಲಾ ಎದ್ದ ಮೇಲೆ ಕಾಲುವೆ ಅಲ್ಲಿಗೇ ನಿಂತು, ಕೆಳಗಿನ ಎರಡು ಮನೆಯವರ ಗದ್ದೆಗೆ ನೀರು ಹೋಗುತ್ತಿಲ್ಲ. ಸುಬಕ್ ಸಭೆಗೆ ಅಣ್ಣ ಈಗ ಹೋಗುವುದಿಲ್ಲ. "ಹೋದರೆ ಯಾರೂ ಏನೂ ಅನ್ನುವುದಿಲ್ಲ ಸಾರ್. ಅದೇ ಕಷ್ಟ" ಎಂದರು.

2019ರಲ್ಲಿ ಬಾಲಿಗೆ 60 ಲಕ್ಷಕ್ಕೂ ಹೆಚ್ಚು ವಿದೇಶೀಯರು ಬಂದಿದ್ದರು. ಕೊರೋನಾ ಕಾಲದಲ್ಲಿ ಖಾಲಿಯಾದ ದ್ವೀಪ 2024ರಲ್ಲಿ ಮತ್ತೆ ಆ ಸಂಖ್ಯೆಯನ್ನು ಮುಟ್ಟಿತು. ಅದೇ ವರ್ಷದ ಫೆಬ್ರುವರಿಯಿಂದ ಒಬ್ಬೊಬ್ಬ ವಿದೇಶೀಯನಿಗೆ 1,50,000 ರೂಪಿಯಾ ಶುಲ್ಕವನ್ನೂ ಹಾಕಿದ್ದಾರೆ, ಸಂಸ್ಕೃತಿ ಮತ್ತು ಪರಿಸರ ಕಾಪಾಡಲು. 2025ರ ಸೆಪ್ಟೆಂಬರ್‌ನಲ್ಲಿ ಡೆನ್‌ಪಸಾರ್ ಸುತ್ತಮುತ್ತ ದೊಡ್ಡ ಪ್ರವಾಹ ಬಂದು ಹತ್ತಕ್ಕೂ ಹೆಚ್ಚು ಜನ ಸತ್ತಾಗ, ನೀರು ಕುಡಿಯುತ್ತಿದ್ದ ಗದ್ದೆಗಳೆಲ್ಲ ಕಾಂಕ್ರೀಟ್ ಆದದ್ದೂ ಒಂದು ಕಾರಣ ಎಂಬ ಮಾತು ಜೋರಾಗಿ ಎದ್ದಿತು. ಹೋಟೆಲಿನ ಈಜುಕೊಳ, ಗದ್ದೆಯ ಕಾಲುವೆ ಎರಡಕ್ಕೂ ನೀರು ಬರಬೇಕಾದದ್ದು ಆ ಬೆಟ್ಟದಿಂದಲೇ.

ಮನೆಗೆ ಬಂದ ಮೇಲೆ ಊರಿಗೆ ಫೋನ್ ಮಾಡಿ, ತಾತನ ಕಾಲದ ಕೆರೆ ಹೇಗಿದೆ ಎಂದು ವಿಚಾರಿಸಿದೆ. "ಕೆರೆ ಎಲ್ಲಿದೆಯೋ, ಅರ್ಧ ಲೇಔಟ್ ಆಗಿದೆ. ಬೋರ್‌ವೆಲ್ ಸಾವಿರ ಅಡಿ ಹೋಗಿದೆ" ಎಂದರು ಚಿಕ್ಕಪ್ಪ. ನೀರುಗಂಟಿಯ ಮೊಮ್ಮಗ ಬೆಂಗಳೂರಿನಲ್ಲಿ ಟ್ಯಾಂಕರ್ ಓಡಿಸುತ್ತಾನಂತೆ. ಮನುಕಾಯದವರು ಓದಲು ಬಾರದ ಕಲ್ಲನ್ನು ಸಾವಿರ ವರ್ಷ ತೊಳೆದರು. ನಾವು ಓದಿದವರು, ನಮ್ಮ ತೂಬಿನ ಕಲ್ಲು ಎಲ್ಲಿ ಬಿದ್ದಿದೆಯೋ ನನಗೆ ಗೊತ್ತಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಹುಡುಕಬೇಕು.

ಬಾಲಿಗೆ ಹೊರಟಿದ್ದೀರಾ? ಖಂಡಿತ ಹೋಗಿ ಬನ್ನಿ. ಸೊಂಟಕ್ಕೆ ಬಟ್ಟೆ ಕಟ್ಟಿಕೊಳ್ಳಿ, ಸತ್ತವರ ಧಾರೆ ಬಿಟ್ಟು ಮುಂದೆ ಸಾಗಿ, ಗದ್ದೆಯ ಬದುವಿನ ಮೇಲೆ ನಡೆಯುವಾಗ ಪೈರು ತುಳಿಯಬೇಡಿ. ನಿಮ್ಮ ಗೈಡ್ ಯಾರೇ ಇರಲಿ, ಅವರ ಊರಿನ ಸುಬಕ್ ಬಗ್ಗೆ ಒಂದು ಮಾತು ಕೇಳಿ. ಹಾಗೆಯೇ ನಿಮ್ಮ ಊರಿನ ಕೆರೆ, ನೀರುಗಂಟಿ, ತೂಬುಗಳ ನೆನಪಿದ್ದರೆ ನಮಗೆ ಬರೆಯಿರಿ.